ಡೋಲು ಕರೆದರೆ ಬರುವವರು

ಪ್ರಶ್ನೆ: ಬ್ರೆಜಿಲ್‌ನ ಹಾಡುಗಳಲ್ಲಿ ಇಯಾನ್ಸಾ, ಒಶುಂ, ಪೊಂಬಾಜಿರಾ ಎಂಬ ಹೆಸರುಗಳನ್ನು ಕೇಳುತ್ತಿರುತ್ತೇನೆ. ಇವರು ನಮ್ಮ ಊರಮ್ಮನ ಹಾಗೆ ಕಾಯುವ ತಾಯಂದಿರೇ?
– ಓದುಗರು, ಪ್ರಿನ್ಸ್‌ಟನ್, ನ್ಯೂಜೆರ್ಸಿ

ಉತ್ತರ: ಕಾಯುವವರು ಹೌದು. ಆದರೆ ಮೂವರೂ ಒಂದೇ ಕುಲದವರಲ್ಲ. ಇಯಾನ್ಸಾ, ಒಶುಂ ಇಬ್ಬರೂ ಒರಿಶಾಗಳು, ಗುಲಾಮರಾಗಿ ಹಡಗೇರಿದ ಪಶ್ಚಿಮ ಆಫ್ರಿಕದ ಯೊರುಬಾ ಜನರೊಂದಿಗೆ ಬಂದ ದೇವತೆಗಳು. ಬ್ರೆಜಿಲಿನ ಬಾಹಿಯಾದಲ್ಲಿ, ಒರಿಶಾಗಳನ್ನು ಪೂಜಿಸುವ ಕಂದೊಂಬ್ಲೆ ಪಂಥದ ಮನೆಗಳಲ್ಲಿ, ಅವರನ್ನು ಇಂದಿಗೂ ಯೊರುಬಾ ಹಾಡುಗಳಿಂದ ಕರೆಯುತ್ತಾರೆ. ಪೊಂಬಾಜಿರಾ ಹಿಂದೊಮ್ಮೆ ಬದುಕಿದ್ದ ಹೆಣ್ಣಿನ ಆತ್ಮ. ಉಂಬಾಂದಾ ಪಂಥದವರು ಅವಳನ್ನು ಪೋರ್ಚುಗೀಸಿನಲ್ಲಿ ಹಾಡಿ ಕರೆಯುತ್ತಾರೆ. ಕೂಡುರಸ್ತೆ ಅವಳ ನೆಲೆ, ಕೆಂಪು ಕಪ್ಪು ಅವಳ ಬಣ್ಣ. ಗಂಡನಿಂದ ನೊಂದು, ಹೇಳಿಕೊಳ್ಳಲು ದಿಕ್ಕಿಲ್ಲದ ಹೆಂಗಸರು ಅವಳ ಮೊರೆ ಹೋಗುತ್ತಾರೆ. ಅವಳನ್ನು ಪಿಶಾಚಿಯೆಂದು ಹಳಿಯುವವರು ಬ್ರೆಜಿಲ್‌ನಲ್ಲೇ ಬಹಳ ಮಂದಿ. ಇದು ಘೋರ ಅನ್ಯಾಯವೆಂದೇ ನನ್ನ ಭಾವನೆ.

ಕಂದೊಂಬ್ಲೆಯಲ್ಲಿ ದೇವತೆಯನ್ನು ತಾಳದಿಂದಲೇ ಗುರುತಿಸಬಹುದು. ರೂಂ, ರುಂಪಿ, ಲೆ ಎಂಬ ಮೂರು ಡೋಲು, ಜೊತೆಗೊಂದು ಕಬ್ಬಿಣದ ಗಂಟೆ. ಸಿಹಿನೀರಿನ ಒಡತಿ ಒಶುಂಗೆ ಬರಿಗೈಯಲ್ಲಿ ಬಾರಿಸುವ, ತೂಗಾಡುವ ನಡೆಯ ಇಜೆಶಾ. ಬಿರುಗಾಳಿಯನ್ನೂ ಸತ್ತವರ ಆತ್ಮಗಳನ್ನೂ ಆಳುವ ಇಯಾನ್ಸಾಗೆ ಕೋಲಿನಿಂದ ಬಾರಿಸುವ ಬಿರುಸಿನ ಇಲು. ಡೋಲು ಗಂಡಸರ ಕೈಯಲ್ಲಿ. ಮೈದುಂಬುವುದು ಹೆಚ್ಚಾಗಿ ಹೆಂಗಸರಿಗೆ. ತುಳುನಾಡಿನ ಕೋಲದಲ್ಲಿ ಇದು ತಿರುಗುಮುರುಗು. ಅಲ್ಲಿನ ದೈವ ಕಲ್ಲುರ್ಟಿ, ತನ್ನ ಒಡಹುಟ್ಟಿದವನ ಕೈಕಾಲು ಕಡಿಸಿದ ಕಾರ್ಕಳದ ಅರಸನನ್ನು ಕಾಡಿದವಳು. ಅವಳ ವೇಷ ಕಟ್ಟುವವನು ಗಂಡಸು. ತೆಂಬರೆ ವಾದ್ಯ ಬಾರಿಸುತ್ತ ದೈವದ ಕಥೆಯ ಹಾಡಾದ ಪಾಡ್ದನ ಹೇಳುವವಳು ಅವನ ಮನೆಯ ಹೆಣ್ಣು. ಕಲ್ಲುರ್ಟಿಯೂ ಮೊದಲು ಮನುಷ್ಯಳೇ ಆಗಿದ್ದವಳು. ಹಾಗಾಗಿ ಪೊಂಬಾಜಿರಾಗೆ ನಮ್ಮಲ್ಲಿ ನಂಟರನ್ನು ಹುಡುಕುವುದಾದರೆ ನಾನು ಊರಮ್ಮನನ್ನು ಬಿಟ್ಟು ಇವಳತ್ತ ಬೆರಳು ತೋರುತ್ತೇನೆ.

ನಿಮ್ಮ ಊರಿನ ಪ್ರಿನ್ಸ್‌ಟನ್ ಯೂನಿವರ್ಸಿಟಿ ಪ್ರೆಸ್ 2005ರಲ್ಲಿ ಜೆ. ಲೊರಾಂಡ್ ಮೇಟರಿ ಅವರ ‘ಬ್ಲ್ಯಾಕ್ ಅಟ್ಲಾಂಟಿಕ್ ರಿಲಿಜನ್’ ಪ್ರಕಟಿಸಿತು, ತಪ್ಪದೆ ಓದಿ. ಕಂದೊಂಬ್ಲೆ ಹೆಂಗಸರ ಸಾಮ್ರಾಜ್ಯವೆಂಬ ಚಿತ್ರವನ್ನು ಅಮೆರಿಕದ ರೂತ್ ಲ್ಯಾಂಡಿಸ್ 1947ರ ‘ದಿ ಸಿಟಿ ಆಫ್ ವಿಮೆನ್’ನಲ್ಲಿ ಕೊಟ್ಟಿದ್ದರು. ಅಂಥ ಬರಹಗಳೇ ಗಂಡು ಅರ್ಚಕರನ್ನು ಬದಿಗೆ ಸರಿಸಿದವು ಎಂಬುದು ಮೇಟರಿ ವಾದ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಬಾಹಿಯಾದ ಸಾಲ್ವಡಾರ್‌ನ ಗಂತ್ವಾ ಎಂಬ ಕಂದೊಂಬ್ಲೆ ಮನೆಯ ಹಿರಿತನವನ್ನು ಮಾಯಿ ಮೆನಿನಿನ್ಯಾ (1894–1986) ವಹಿಸಿಕೊಂಡದ್ದು 1922ರಲ್ಲಿ, ಲ್ಯಾಂಡಿಸ್ ಬ್ರೆಜಿಲ್‌ಗೆ ಕಾಲಿಡುವುದಕ್ಕೂ ಎಷ್ಟೋ ಮೊದಲು. ಮೆನಿನಿನ್ಯಾರನ್ನು ಕುರಿತು ದೊರಿವಾಲ್ ಕೈಮಿ ಕಟ್ಟಿದ ಪ್ರಾರ್ಥನಾಗೀತೆಯನ್ನು ಗಾಲ್ ಕೋಸ್ತಾ ಮತ್ತು ಮರಿಯಾ ಬೆತಾನಿಯಾ ಕೂಡಿ ಹಾಡಿದ್ದಾರೆ. ಕೇಳುವುದನ್ನು ಅಲ್ಲಿಂದ ಶುರುಮಾಡಿ. ಬೆತಾನಿಯಾ ಸ್ವತಃ ಇಯಾನ್ಸಾಳ ಒಕ್ಕಲು.