ಕುಮಾರಪರ್ವತದ ದಾರಿಯಲ್ಲಿ

ಕುಕ್ಕೆ ಸುಬ್ರಹ್ಮಣ್ಯದ ಪೂರ್ವಕ್ಕೆ, ಕೊಡಗಿನ ಗಡಿಯಲ್ಲಿ, ಕುಮಾರಪರ್ವತವು ತಲೆಯೆತ್ತಿ ನಿಂತಿದೆ. ಪುಷ್ಪಗಿರಿ ಎಂಬ ಹೆಸರೂ ಇದಕ್ಕುಂಟು. ಸಮುದ್ರಮಟ್ಟದಿಂದ ಇದರ ಎತ್ತರ ಸುಮಾರು 1,712 ಮೀಟರು. ಕುಕ್ಕೆಯಿಂದ ಶಿಖರಕ್ಕೆ ಹೋಗುವ ಕಾಲುದಾರಿ 12 ಕಿಲೋಮೀಟರಿಗೂ ಹೆಚ್ಚು. ಶಿಖರವೊಂದನ್ನೇ ಧ್ಯಾನಿಸುತ್ತ ನಡೆಯುವವನಿಗೆ ಈ ದಾರಿಯಲ್ಲಿ ದೊರೆಯುವುದು ಆಯಾಸವೇ ಹೆಚ್ಚು. ಕಣ್ತೆರೆದು ನಡೆಯುವವನಿಗೆ ದಾರಿಯೇ ಪಾಠಶಾಲೆಯಾಗುತ್ತದೆ.

ಮೊದಲು ಎದುರಾಗುವುದು ದಟ್ಟವಾದ ಕಾಡು. ನೆತ್ತಿಯ ಮೇಲೆ ಎಲೆಗಳ ಚಪ್ಪರ. ನೆಲದ ಮೇಲೆ ನಸುಗತ್ತಲೆ. ಹೆಮ್ಮರಗಳ ಬುಡದಲ್ಲಿ ಗೋಡೆಯಂತೆ ಚಾಚಿದ ಬೇರುಗಳು ಆ ಎತ್ತರದ ಕಾಂಡಗಳಿಗೆ ಊರೆಯಾಗಿವೆ. ಮುಂಗಾರಿನ ಆರಂಭದಲ್ಲಿ ಕೊಂಬೆಗಳಿಂದ ಸೀತಾಳೆಯ ಹೂದಂಡೆಗಳು ಇಳಿಬಿದ್ದಿರುತ್ತವೆ. ಇದನ್ನು ಬಂದಳಿಕೆಯೆಂದು ಭಾವಿಸುವವರುಂಟು. ಆದರೆ ಬಂದಳಿಕೆಯು ಆಶ್ರಯವಿತ್ತ ಮರದ ರಸವನ್ನೇ ಹೀರುತ್ತದೆ. ಸೀತಾಳೆಯಾದರೋ ಮರದಿಂದ ನೆಲೆಯನ್ನು ಮಾತ್ರ ಪಡೆದು, ಮಳೆಯ ನೀರನ್ನೂ ಗಾಳಿಯ ತೇವವನ್ನೂ ತನ್ನ ಬೇರುಗಳಿಂದ ಹೀರಿ ಬಾಳುತ್ತದೆ.

ಏರುತ್ತ ಹೋದಂತೆ ಕಾಡು ಹಿಂದೆ ಸರಿದು ಹುಲ್ಲುಗಾವಲು ತೆರೆದುಕೊಳ್ಳುತ್ತದೆ. ತೆಳುವಾದ ಮಣ್ಣಿನ, ಬಿರುಗಾಳಿಗೆ ಮೈಯೊಡ್ಡಿದ ಇಳಿಜಾರಿನಲ್ಲಿ ಹುಲ್ಲು. ಮಣ್ಣೂ ತೇವವೂ ನಿಲ್ಲುವ ಕಣಿವೆಯ ಮಡಿಲಲ್ಲಿ ಗಿಡ್ಡ ಮರಗಳ ಶೋಲಾಕಾಡು. ಮಳೆಗಾಲದಲ್ಲಿ ಹುಲ್ಲಿನ ನಡುವೆ ಕರ್ಣಕುಂಡಲದ ಹೂಗಳು ಅರಳುತ್ತವೆ.

ಈ ಬಗೆಯ ಗುಡ್ಡಗಳನ್ನು ಬಂಜರೆಂದು ಬಗೆದು, ಅಲ್ಲಿ ಹೊರನಾಡಿನ ಮರಗಳನ್ನು ನೆಟ್ಟ ಉದಾಹರಣೆಗಳು ಪಶ್ಚಿಮಘಟ್ಟದಲ್ಲಿ ಹಲವು. ವಾಸ್ತವವಾಗಿ ಹುಲ್ಲಿನ ಬೇರುಗಳು ಮಣ್ಣನ್ನು ಹಿಡಿದಿಟ್ಟು ಮಳೆನೀರನ್ನು ಇಂಗಿಸುತ್ತವೆ. ಆ ನೀರು ಶೋಲಾಕಾಡಿನ ತೊರೆಗಳಲ್ಲಿ ಮೆಲ್ಲಮೆಲ್ಲನೆ ಹೊರಬರುತ್ತದೆ. ಇಲ್ಲಿ ಹುಟ್ಟುವ ಕುಮಾರಧಾರೆಯು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಕಡಲಿಗೆ ಸಾಗುತ್ತದೆ. ಬೆಟ್ಟದ ಹುಲ್ಲು ಅಳಿದರೆ ಬಯಲಿನ ಬಾವಿಗೂ ಅದರ ಬಿಸಿ ತಟ್ಟದಿರದು.

ಪುಷ್ಪಗಿರಿ ವನ್ಯಜೀವಿಧಾಮವು 2012ರಲ್ಲಿ ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿತು. ಚಾರಣಿಗರ ದಟ್ಟಣೆ ಮಿತಿಮೀರಿದ್ದರಿಂದ 2024ರಲ್ಲಿ ಸರ್ಕಾರವು ಇಂಥ ದಾರಿಗಳಿಗೆ ಮುಂಗಡ ನೋಂದಣಿಯ ನಿಯಮವನ್ನು ತಂದಿತು. ನಿಯಮವು ಜನರ ಸಂಖ್ಯೆಯನ್ನು ತಗ್ಗಿಸಬಲ್ಲುದು. ಹೆಜ್ಜೆಯನ್ನು ಹದಗೊಳಿಸಬೇಕಾದವರು ನಾವೇ. ಹೆಸರು ತಿಳಿದ ಗಿಡವನ್ನು ತುಳಿಯಲು ಕಾಲು ಹಿಂಜರಿಯುತ್ತದೆ. ಆದುದರಿಂದ ಬೆಟ್ಟವನ್ನೇರುವ ಮುನ್ನ ಅದರ ಗಿಡಮರಗಳ ಹೆಸರನ್ನು ಕಲಿಯೋಣ. ಹೂವನ್ನು ಕೀಳದೆ, ಕಣ್ಣಲ್ಲಿ ತುಂಬಿಕೊಂಡು ಮರಳೋಣ.