ಬಚ್ಚಿಟ್ಟ ಫೋಲ್ಡರೂ ವೈರಸ್ಸಿನ ಸಂಶಯವೂ

ನಮ್ಮ ಅಕ್ಕನನ್ನು ಕೊಟ್ಟಿರುವುದು ಪಳನಿಗೆ. ಪಳನಿ, ದಿಂಡಿಗಲ್, ತೇನಿ, ಕಂಬಂ ಕಣಿವೆಯ ಕಡೆ ಮನೆಯೊಳಗೆ ಕನ್ನಡ, ಹೊರಗೆ ತಮಿಳು ಆಡುವ ಕುಟುಂಬಗಳು ತಲೆತಲಾಂತರದಿಂದ ಇರುವುದು ನಿಮ್ಮಲ್ಲಿ ಕೆಲವರಿಗಾದರೂ ತಿಳಿದಿರಬಹುದು. 2019ರಲ್ಲಿ ತೈಪೂಸಕ್ಕೆಂದು ಅಲ್ಲಿಗೆ ಹೋಗಿದ್ದಾಗ ನಡೆದ ಸಂಗತಿಯಿಂದ ಈ ಪಾಠವನ್ನು ಆರಂಭಿಸುತ್ತೇನೆ.

ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಅಕ್ಕನ ಮಗ ನಾನು ಕಾಲು ತೊಳೆಯುವ ಮೊದಲೇ ಓಡಿಬಂದು, "ಮಾವ, ತಾತನ ಫೋಟೋ ಎಲ್ಲಾ ವೈರಸ್ ತಿಂದುಬಿಟ್ಟಿದೆ" ಎಂದ. ಅವನ ತಾತ ಹಿಂದಿನ ವರ್ಷ ತೀರಿಕೊಂಡಿದ್ದರು. ಅವರು ಕಡೆಯ ಬಾರಿ ಕಾವಡಿ ಹೊತ್ತಾಗ ತೆಗೆದ ಚಿತ್ರಗಳು ಒಂದೇ ಒಂದು ಪೆನ್ ಡ್ರೈವಿನಲ್ಲಿದ್ದವು. ಒಂದು ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಲೆಂದು ಅದನ್ನು ಒಂದು ಅಂಗಡಿಗೆ ಕೊಟ್ಟು ತಂದಿದ್ದರು. ತಂದ ಮೇಲೆ ನೋಡಿದರೆ ಒಳಗೆ ಏನೂ ಇಲ್ಲ. ಒಂದು ಶಾರ್ಟ್‌ಕಟ್ ಚಿಹ್ನೆ ಮಾತ್ರ ಇತ್ತು. ಅದನ್ನು ಒತ್ತಿದರೆ ಕಡತ ಸಿಗುತ್ತಿಲ್ಲ ಎಂಬ ಉತ್ತರ ಬರುತ್ತಿತ್ತು. ಇನ್ನೊಂದು ಅಂಗಡಿಯವರು, "ಫಾರ್ಮ್ಯಾಟ್ ಮಾಡಬೇಕು, ಬೇರೆ ದಾರಿಯಿಲ್ಲ" ಎಂದಿದ್ದರು. ಭಾವ ಅದಕ್ಕೂ ಒಪ್ಪಿಬಿಟ್ಟಿದ್ದರು. ಫಾರ್ಮ್ಯಾಟ್ ಎಂದರೆ ಇದ್ದುದನ್ನೆಲ್ಲ ಅಳಿಸಿ ಹೊಸದಾಗಿ ಸಿದ್ಧಪಡಿಸುವುದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಹುಡುಗ ಸುಮ್ಮನೆ ಕುಳಿತಿರಲಿಲ್ಲ. ಅಡಗಿದ ಕಡತಗಳನ್ನು ತೋರಿಸುವಂತೆ ಗಣಕಯಂತ್ರಕ್ಕೆ ಹೇಳುವ ಬಗೆಯನ್ನು ಯಾರಿಂದಲೋ ಕಲಿತು ನೋಡಿದ್ದ. ಆಗ ಕಂಡದ್ದು 'ಸಿಸ್ಟಂ ವಾಲ್ಯೂಮ್ ಇನ್ಫರ್ಮೇಷನ್' ಎಂಬ ಫೋಲ್ಡರು. "ಇದನ್ನು ನಾನು ಮಾಡಿಲ್ಲ ಮಾವ, ಇದೇ ವೈರಸ್. ಸಿ ಡ್ರೈವಿನಲ್ಲೂ ಇದೇ ಹೆಸರಿನದು ಕೂತಿದೆ, ತೆರೆಯೋಕೂ ಬಿಡೋದಿಲ್ಲ" ಎಂದು ಅದನ್ನು ಅಳಿಸಲು ಹೊರಟಿದ್ದ.

ಇಲ್ಲಿ ಸ್ವಲ್ಪ ನಿಂತು, ಕಡತಗಳು ಅಡಗುವುದು ಹೇಗೆಂದು ತಿಳಿಯೋಣ. ಪೆನ್ ಡ್ರೈವಿನಲ್ಲಿ ಸಾಮಾನ್ಯವಾಗಿ ಇರುವ ಫ್ಯಾಟ್ ಪದ್ಧತಿಯಲ್ಲಿ ಪ್ರತಿಯೊಂದು ಕಡತದ ಹೆಸರಿನ ಜೊತೆಗೆ ಒಂದು ಬೈಟಿನಷ್ಟು ಗುಣಸೂಚನೆ ಬರೆದಿರುತ್ತದೆ. ಓದಲು ಮಾತ್ರ ಎಂಬುದಕ್ಕೆ 1, ಅಡಗಿದ್ದು ಎಂಬುದಕ್ಕೆ 2, ವ್ಯವಸ್ಥೆಗೆ ಸೇರಿದ್ದು ಎಂಬುದಕ್ಕೆ 4, ಫೋಲ್ಡರು ಎಂಬುದಕ್ಕೆ 16. ಅಡಗಿದ, ವ್ಯವಸ್ಥೆಗೆ ಸೇರಿದ ಫೋಲ್ಡರಿಗೆ 16+4+2, ಅಂದರೆ 22. ಎರಡರ ಘಾತಗಳನ್ನೇ ಆರಿಸಿರುವುದರಿಂದ ಮೊತ್ತ ಒಂದನ್ನು ಕೊಟ್ಟರೆ ಯಾವ ಯಾವ ಗುಣ ಸೇರಿದೆ ಎಂದು ಬಿಡಿಸಿ ಹೇಳಬಹುದು. (ಗಣಿತದ ಪಾಠದಲ್ಲಿ ಇದರಿಂದೇನು ಉಪಯೋಗ ಎಂದು ಕೇಳುವವರು ಗಮನಿಸಬೇಕು.) ಈ ಸೂಚನೆಯನ್ನು ಬದಲಾಯಿಸುವುದು ಅತಿ ಸುಲಭ. ವಿಂಡೋಸ್ ತನ್ನ ಕಡತಗಳನ್ನು ನಾವು ಅರಿಯದೆ ಕೆಡಿಸದಿರಲೆಂದು ಈ ಗುರುತು ಹಾಕುತ್ತದೆ. ವೈರಸ್ ಬರೆಯುವವನು ಅದೇ ಗುರುತನ್ನು ತನ್ನ ಕಳ್ಳತನಕ್ಕೆ ಬಳಸುತ್ತಾನೆ. ಆದುದರಿಂದ ಅಡಗಿದೆ ಎಂಬ ಒಂದೇ ಕಾರಣಕ್ಕೆ ಯಾವುದೂ ವೈರಸ್ ಆಗದು.

ಹುಡುಗನು ಸಂಶಯಪಟ್ಟ ಫೋಲ್ಡರು ವಿಂಡೋಸಿನ ಸ್ವಂತದ್ದು. ಸಿ ಡ್ರೈವಿನಲ್ಲಿ, ಕೆಟ್ಟಾಗ ಹಿಂದಿನ ಸ್ಥಿತಿಗೆ ಮರಳಲು ಬೇಕಾದ ಮಾಹಿತಿಯನ್ನು ಅದು ಅಲ್ಲಿ ಕಾಪಾಡುತ್ತದೆ. ಅಲ್ಲಿಗೆ ವ್ಯವಸ್ಥೆಗಲ್ಲದೆ ಸಾಮಾನ್ಯ ಬಳಕೆದಾರನಿಗೆ ಪ್ರವೇಶವಿಲ್ಲ. ವಿಂಡೋಸ್ 8 ಮತ್ತು ನಂತರದವು ಪೆನ್ ಡ್ರೈವ್ ಚುಚ್ಚಿದೊಡನೆ ಅದರಲ್ಲೂ ಇದೇ ಹೆಸರಿನದನ್ನು ಮಾಡಿಡುತ್ತವೆ. ಒಳಗಿರುವ ಎರಡು ಪುಟ್ಟ ಕಡತಗಳು ಸೇರಿ ನೂರು ಬೈಟೂ ಆಗುವುದಿಲ್ಲ.

ತಪ್ಪು ಸಂಶಯದಿಂದ ಆಗುವ ನಷ್ಟಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. 2002ರಲ್ಲಿ ಇ-ಮೇಲ್ ಮೂಲಕ ಒಂದು ಎಚ್ಚರಿಕೆ ಲೋಕವೆಲ್ಲ ಸುತ್ತಿತು. ವಿಂಡೋಸಿನ ಒಳಫೋಲ್ಡರಿನಲ್ಲಿ ಕರಡಿಮರಿಯ ಚಿತ್ರವಿರುವ ಕಡತ ಕಂಡರೆ ಅದು ವೈರಸ್, ಕೂಡಲೇ ಅಳಿಸಿ, ಸ್ನೇಹಿತರಿಗೂ ತಿಳಿಸಿ ಎಂದು. ಹುಡುಕಿದವರಿಗೆಲ್ಲ ಕರಡಿಮರಿ ಕಂಡಿತು, ಏಕೆಂದರೆ ಅದು ವಿಂಡೋಸಿನ ಜೊತೆಯಲ್ಲೇ ಬಂದ, ಜಾವಾ ಪ್ರೋಗ್ರಾಂ ಬರೆಯುವವರಿಗೆ ಉಪಯೋಗದ ಕಡತ! ವೈರಸ್ ಇಲ್ಲದೆಯೇ ಜನರು ತಮ್ಮ ಕೈಯಾರೆ ಅದರ ಕೆಲಸ ಮಾಡಿಕೊಟ್ಟರು. ಇಂದು ವಾಟ್ಸಾಪಿನಲ್ಲಿ ಬರುವ ಇಂಥ ಸಂದೇಶಗಳ ಬಗ್ಗೆ ಪೋಷಕರೂ ಯೋಚಿಸಬೇಕು.

ಹಾಗಾದರೆ ಪೆನ್ ಡ್ರೈವಿನ ಚಿತ್ರಗಳು ಎಲ್ಲಿ ಹೋದವು? ನಾನು ಮೊದಲು ನೋಡಿದ್ದು ಡ್ರೈವಿನ ಪ್ರಾಪರ್ಟೀಸ್. ಬರಿದಾಗಿ ಕಾಣುವ ಪೆನ್ ಡ್ರೈವಿನಲ್ಲಿ ಹೆಚ್ಚುಕಡಿಮೆ ಎರಡು ಜಿಬಿ ಜಾಗ ತುಂಬಿತ್ತು! ಚಿತ್ರಗಳು ಅಲ್ಲೇ ಇವೆ ಎಂದು ಅಕ್ಕನಿಗೆ ಧೈರ್ಯ ಹೇಳಿದೆ.

ಅವರ ಮನೆಯಲ್ಲಿದ್ದುದು ತಮಿಳುನಾಡು ಸರ್ಕಾರ 2011ರ ಸೆಪ್ಟೆಂಬರಿನಲ್ಲಿ ಆರಂಭಿಸಿದ ಉಚಿತ ಲ್ಯಾಪ್‌ಟಾಪ್ ಯೋಜನೆಯಲ್ಲಿ ಹಿರಿಯ ಮಗಳಿಗೆ ದೊರೆತದ್ದು. ಅದರಲ್ಲಿ ವಿಂಡೋಸ್ 7ರ ಜೊತೆಗೆ, ಸಿ-ಡ್ಯಾಕ್ ಸಂಸ್ಥೆ ರೂಪಿಸಿದ ಬಾಸ್ ಲಿನಕ್ಸ್ ಕೂಡ ಇತ್ತು. ಆದರೆ ಯಾರೂ ಅದನ್ನು ತೆರೆದೇ ಇರಲಿಲ್ಲ. ಯಂತ್ರವನ್ನು ಬಾಸ್‌ನಲ್ಲಿ ಆರಂಭಿಸಿದೆವು. ವಿಂಡೋಸಿಗಾಗಿ ಬರೆದ ವೈರಸ್ ಲಿನಕ್ಸಿನಲ್ಲಿ ಹಾಗೆಯೇ ಓಡದು. ಅಲ್ಲದೆ ಫ್ಯಾಟಿನ 'ಅಡಗು' ಗುರುತನ್ನು ಲಿನಕ್ಸ್ ಲೆಕ್ಕಕ್ಕಿಟ್ಟುಕೊಳ್ಳುವುದಿಲ್ಲ. ಪೆನ್ ಡ್ರೈವ್ ತೆರೆದಾಗ ಸಿಸ್ಟಂ ಫೋಲ್ಡರಿನ ಪಕ್ಕದಲ್ಲೇ ಹೆಸರೇ ಇಲ್ಲದ ಇನ್ನೊಂದು ಫೋಲ್ಡರಿತ್ತು. ಹೆಸರಿನ ಜಾಗದಲ್ಲಿ ಕಣ್ಣಿಗೆ ಕಾಣದ ಒಂದು ಖಾಲಿ ಅಕ್ಷರ. ಹೆಸರುಳ್ಳದ್ದನ್ನು ಮಾತ್ರ ನೋಡಿದ್ದ ಹುಡುಗನ ಕಣ್ಣು ಇದನ್ನು ದಾಟಿಹೋಗಿತ್ತು. ತಾತನ ಚಿತ್ರಗಳೆಲ್ಲ ಅದರೊಳಗಿದ್ದವು.

ಈ ಜಾತಿಯ ವೈರಸ್ಸಿನ ಉಪಾಯ ಹೀಗೆ. ನಿಮ್ಮ ಕಡತಗಳನ್ನೆಲ್ಲ ಹೆಸರಿಲ್ಲದ ಫೋಲ್ಡರಿಗೆ ಸರಿಸಿ ಅಡಗಿಸುತ್ತದೆ, ಹೊರಗೆ ಒಂದು ಶಾರ್ಟ್‌ಕಟ್ ಇಡುತ್ತದೆ. ಅದನ್ನು ಒತ್ತಿದರೆ ಮೊದಲು ವೈರಸ್ ಓಡುತ್ತದೆ, ಅನಂತರ ನಿಮ್ಮ ಕಡತಗಳೂ ತೆರೆಯುತ್ತವೆ. ಹೀಗಾಗಿ ಸಂಶಯ ಬರುವುದಿಲ್ಲ. ಲ್ಯಾಪ್‌ಟಾಪಿನ ವೈರಸ್-ನಿರೋಧಕವು ವೈರಸ್ಸನ್ನು ಕಿತ್ತು ಶಾರ್ಟ್‌ಕಟ್ಟನ್ನು ಉಳಿಸಿದ್ದರಿಂದ ಬಾಗಿಲು ಮುಚ್ಚಿದಂತಾಗಿತ್ತು. ಇದಕ್ಕೂ ಹಿಂದೆ, 2008ರ ನವೆಂಬರಿನಲ್ಲಿ ಕಾಣಿಸಿಕೊಂಡ ಕಾನ್ಫಿಕರ್ ಎಂಬುದು ಪೆನ್ ಡ್ರೈವಿನಲ್ಲಿ 'ರೀಸೈಕ್ಲರ್' ಎಂಬ ಕಸದಬುಟ್ಟಿಯ ಹೆಸರಿನ ಫೋಲ್ಡರಿನೊಳಗೆ ಕುಳಿತು, ಆಟೋರನ್ ಕಡತದ ಮೂಲಕ ತಾನಾಗಿ ಓಡಲು ನೋಡುತ್ತಿತ್ತು. 2011ರಲ್ಲಿ ಮೈಕ್ರೋಸಾಫ್ಟ್ ಹಳೆಯ ವಿಂಡೋಸುಗಳಲ್ಲೂ ಪೆನ್ ಡ್ರೈವಿನ ಆಟೋರನ್ ನಿಲ್ಲಿಸಿತು. ಅಲ್ಲಿಂದೀಚೆಗೆ ವೈರಸ್ಸಿಗೆ ನಮ್ಮ ಬೆರಳೇ ಬೇಕು.

ಬಾಸ್‌ನಲ್ಲೇ ಇದ್ದುಕೊಂಡು ಚಿತ್ರಗಳನ್ನು ಮಾತ್ರ ಆರಿಸಿ ಲ್ಯಾಪ್‌ಟಾಪಿಗೆ ನಕಲು ಮಾಡಿದೆವು. ಫೋಲ್ಡರನ್ನೇ ಇಡಿಯಾಗಿ ಎತ್ತಿಡುವುದು ತಪ್ಪು, ಏಕೆಂದರೆ ನಡುವೆ ಚಿತ್ರದ ವೇಷದ ಪ್ರೋಗ್ರಾಂ ಇರಬಹುದು. ವಿಂಡೋಸ್ ಕಡತದ ಹೆಸರಿನ ಕೊನೆಯ ಭಾಗವನ್ನು ಮರೆಮಾಡುವುದರಿಂದ ಈ ವೇಷ ನಡೆಯುತ್ತದೆ. ಪ್ರಾಪರ್ಟೀಸ್‌ನಲ್ಲಿ ಕಡತದ ಬಗೆ 'ಅಪ್ಲಿಕೇಷನ್' ಎಂದಿದ್ದರೆ ಅದು ಚಿತ್ರವಲ್ಲ. ಲಿನಕ್ಸ್ ಇಲ್ಲದವರು ವಿಂಡೋಸಿನಲ್ಲಿ ಮೊದಲು ಪೆನ್ ಡ್ರೈವನ್ನು ವೈರಸ್-ನಿರೋಧಕದಿಂದ ಶೋಧಿಸಿ, ಬಳಿಕ 'ಆಟ್ರಿಬ್' ಎಂಬ ಆಜ್ಞೆಗೆ ಮೈನಸ್ ಎಚ್, ಮೈನಸ್ ಎಸ್ ಸೇರಿಸಿ ಗುರುತುಗಳನ್ನು ತೆಗೆಯಬಹುದು. ಮೊದಲ ಸಲ ಶಿಕ್ಷಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿರಿ.

ಮರಳಿ ವಿಂಡೋಸಿಗೆ ಬಂದು ಪೂರ್ಣ ಶೋಧನೆ ನಡೆಸಿದಾಗ ಇನ್ನೊಂದು ಪ್ರತಿ ಸಿಕ್ಕಿತು, ತೆಗೆದೆವು. ಹಳೆಯ ಮರುಸ್ಥಾಪನೆಯ ಮಾಹಿತಿಯಲ್ಲೂ ವೈರಸ್ ಸೇರಿಕೊಂಡಿರುವುದುಂಟು. ಅಲ್ಲಿ ಅದು ನಿದ್ರಿಸುತ್ತಿರುತ್ತದೆ, ಆ ಸ್ಥಿತಿಗೆ ನಾವೇ ಮರಳಿದರೆ ಏಳುತ್ತದೆ. ಅದಕ್ಕೆ ಸಿಸ್ಟಂ ರೆಸ್ಟೋರನ್ನು ನಿಲ್ಲಿಸಿ, ಯಂತ್ರವನ್ನು ಮತ್ತೆ ಆರಂಭಿಸಿ, ಪುನಃ ಚಾಲೂ ಮಾಡಬೇಕು, ಹಳೆಯವೆಲ್ಲ ಅಳಿದುಹೋಗುತ್ತವೆ. ಇದನ್ನೇ ಮೊದಲು ಮಾಡಬೇಕೆಂದು ಹೇಳುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಇದು ಕೊನೆಗಿರಲಿ; ಶುದ್ಧಿ ಮಾಡುವಾಗ ಯಂತ್ರವೇ ಕೆಟ್ಟರೆ ಹಿಂತಿರುಗಲು ಮಾಸಿದ ದಾರಿಯಾದರೂ ಉಳಿಯುತ್ತದೆ.

ವಿಂಡೋಸ್ 7ಕ್ಕೆ ಸಾಮಾನ್ಯ ಬಳಕೆದಾರರಿಗೆ ದೊರೆಯುತ್ತಿದ್ದ ಭದ್ರತಾ ದುರಸ್ತಿಗಳು 2020ರ ಜನವರಿಯಲ್ಲಿ ನಿಂತವು. ಆಮೇಲೆ ಅಕ್ಕನ ಮನೆಯವರು ಆ ಯಂತ್ರವನ್ನು ಇಂಟರ್ನೆಟ್ಟಿಗೆ ಜೋಡಿಸಲಿಲ್ಲ.

ಪೆನ್ ಡ್ರೈವನ್ನು ಕಡೆಗೆ ಫಾರ್ಮ್ಯಾಟ್ ಮಾಡಿದೆವು, ಚಿತ್ರಗಳ ಎರಡು ಪ್ರತಿಗಳು ಬೇರೆ ಬೇರೆ ಕಡೆ ಸೇರಿದ ಮೇಲೆ. ಅಚ್ಚಿಗೆ ಒಂದು ಚಿತ್ರವನ್ನು ಮಾತ್ರ ಸಿಡಿಗೆ ಬರೆದು ಕೊಟ್ಟೆವು. ಬರೆದು ಮುಚ್ಚಿದ ಸಿಡಿಗೆ ಅಂಗಡಿಯ ಯಂತ್ರ ಏನನ್ನೂ ಸೇರಿಸಲಾರದು. ಕಾವಡಿ ಹೊತ್ತ ತಾತ ಈಗ ಅವರ ನಡುಮನೆಯ ಗೋಡೆಯ ಮೇಲಿದ್ದಾರೆ.