ಒಂದೇ ಗಂಟೆ, ಮೂರು ಲೆಕ್ಕ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಜರ್ಮನಿಯ ‘ಹಿವಿ’ ಕೆಲಸದ ಬಗ್ಗೆ. ವಿಶ್ವವಿದ್ಯಾಲಯ ತನ್ನ ವಿದ್ಯಾರ್ಥಿಯನ್ನೇ ಗಂಟೆ ಲೆಕ್ಕದಲ್ಲಿ ಸಹಾಯಕನಾಗಿ ಇಟ್ಟುಕೊಳ್ಳುವ ವ್ಯವಸ್ಥೆ ಇದು. ಲ್ಯಾಬಿನಲ್ಲಿ ಅಳತೆ ತೆಗೆಯುವುದು, ಜೂನಿಯರ್‌ಗಳ ಲೆಕ್ಕದ ಹಾಳೆ ತಿದ್ದುವುದು, ಪ್ರೊಫೆಸರರ ಲೇಖನಕ್ಕೆ ಆಕರ ಹುಡುಕಿಕೊಡುವುದು, ಇಂಥವು. ಕಾಗದದ ಮೇಲೆ ಇದರ ಹೆಸರು ‘ಶ್ಟುಡೆಂಟಿಶೆ ಹಿಲ್ಫ್ಸ್‌ಕ್ರಾಫ್ಟ್’. ಬಾಯಲ್ಲಿ ಎಲ್ಲರಿಗೂ ಹಿವಿ. ನಾನೂ ಒಂದು ಕಾಲಕ್ಕೆ ಹಿವಿಯಾಗಿದ್ದವನೇ.

ಮಗ ಅಕ್ಟೋಬರ್‌ಗೆ ಮಾಸ್ಟರ್ಸ್ ಓದಲು ಹೊರಟಿದ್ದಾನೆ. ಬ್ಯಾಂಕ್ ಸಾಲ ಫೀಸಿಗಲ್ಲ, ಅಲ್ಲಿ ಬದುಕುವ ಖರ್ಚಿಗೆ. ಅವನ ಸೀನಿಯರ್ ಒಬ್ಬ, ‘ಹಿವಿ ಸಿಕ್ಕರೆ ಮನೆಯಿಂದ ಬಿಡಿಗಾಸೂ ತರಿಸಬೇಕಾಗಿಲ್ಲ’ ಎಂದನಂತೆ. ನಂಬಬಹುದೆ? ಹಿವಿ ಸಿಗಲು ಏನು ಅರ್ಹತೆ ಬೇಕು?
— ಒಬ್ಬ ತಂದೆ, ಹಾಸನ

ಪೂರ್ತಿ ನಂಬಬೇಡಿ. ಸೀನಿಯರ್ ಸುಳ್ಳು ಹೇಳಿಲ್ಲ, ಬಾಡಿಗೆ ಸೇರಿಸುವುದನ್ನು ಮರೆತಿದ್ದಾನೆ ಅಷ್ಟೆ. ಸಾಮಾನ್ಯವಾಗಿ ಸಿಗುವುದು ತಿಂಗಳಿಗೆ 40 ಗಂಟೆಯ ಒಪ್ಪಂದ. ಗಂಟೆಗೆ 14 ಯೂರೊ ಹತ್ತಿರ ಇಟ್ಟುಕೊಂಡರೂ 560 ಯೂರೊ. ವಿದ್ಯಾರ್ಥಿಗೆ ತಿಂಗಳಿಗೆ 992 ಯೂರೊ ಬೇಕು ಎಂದು ಜರ್ಮನ್ ಸರ್ಕಾರವೇ ಲೆಕ್ಕ ಹಾಕಿ, ಅದರ ಹನ್ನೆರಡು ಪಟ್ಟು, ಅಂದರೆ 11,904 ಯೂರೊವನ್ನು ಹೊರಡುವ ಮೊದಲೇ ಬ್ಲಾಕ್ಡ್ ಅಕೌಂಟಿನಲ್ಲಿ ಇಡಿಸಿಕೊಳ್ಳುತ್ತದೆ. ‘ಅಲ್ಲಿ ಹೋಗಿ ಹಿವಿ ಮಾಡಿ ದುಡಿಯುತ್ತೇನೆ’ ಎಂಬ ಮಾತು ವೀಸಾ ಕೌಂಟರಿನಲ್ಲಿ ನಡೆಯುವುದಿಲ್ಲ. ಬ್ಯಾಂಕ್ ಸಾಲ ಬಿಡಬೇಡಿ.

ಅರ್ಹತೆಯ ಮಾತಿಗೆ ಬಂದರೆ, ಮೊದಲನೆಯದೂ ದೊಡ್ಡದೂ ಒಂದೇ: ಜರ್ಮನ್ ವಿಶ್ವವಿದ್ಯಾಲಯದಲ್ಲಿ ಹೆಸರು ನೋಂದಣಿಯಾಗಿರಬೇಕು. ಅಡ್ಮಿಷನ್ ಲೆಟರ್ ಸಾಲದು, ಆ ಸೆಮಿಸ್ಟರ್‌ನ ನೋಂದಣಿ ಪತ್ರ ಬೇಕು. ಆಮೇಲೆ ವಾಸದ ಪರವಾನಗಿ, ಆರೋಗ್ಯ ವಿಮೆಯ ಪತ್ರ, ತೆರಿಗೆ ನಂಬರು, ಸಾಮಾಜಿಕ ವಿಮೆ ನಂಬರು, ಬ್ಯಾಂಕ್ ಖಾತೆ. ತೆರಿಗೆ ನಂಬರು ಬರುವುದು ಅಂಚೆಯಲ್ಲಿ, ಅದೂ ಊರಿನ ಕಚೇರಿಯಲ್ಲಿ ವಿಳಾಸ ದಾಖಲಾದ ಮೇಲೆ. ಅಲ್ಲಿಯವರೆಗೆ ಲೆಟರ್ ಬಾಕ್ಸಿನ ಮೇಲೆ ಅವನ ಹೆಸರು ಅಂಟಿಸಿರಬೇಕು. ಹೆಸರಿಲ್ಲದ ಡಬ್ಬಿಗೆ ಅಲ್ಲಿನ ಅಂಚೆಯವರು ಕಾಗದ ಹಾಕುವುದಿಲ್ಲ, ಹಿಂದಕ್ಕೆ ಕಳಿಸುತ್ತಾರೆ. ಬವೇರಿಯಾ ರಾಜ್ಯಕ್ಕೆ ಹೋಗುವುದಾದರೆ ಇನ್ನೊಂದು ಫಾರಂ: ಸಂವಿಧಾನಕ್ಕೆ ನಿಷ್ಠೆ ಇದೆಯೇ, ಉಗ್ರವಾದಿ ಸಂಘಟನೆಗಳ ಈ ಪಟ್ಟಿಯಲ್ಲಿ ಯಾವುದರಲ್ಲಾದರೂ ಸದಸ್ಯನೇ ಎಂದು ಕೇಳುತ್ತದೆ. ನಮ್ಮ ಹುಡುಗರು ಅದನ್ನು ಕಂಡು ಗಾಬರಿಯಾಗುತ್ತಾರೆ. ಗಾಬರಿ ಬೇಡ, ಓದಿ ಗುರುತು ಹಾಕಿದರಾಯಿತು.

ಇದನ್ನು ನಮ್ಮ ಐಐಟಿಯ ಗೇಟ್ ಸ್ಟೈಪೆಂಡಿನ ಜೊತೆ ಹೋಲಿಸಬೇಡಿ. ಅಲ್ಲಿ ತಿಂಗಳಿಗೆ 12,400 ರೂಪಾಯಿ ಕೊಟ್ಟು ವಾರಕ್ಕೆ ಎಂಟು ಗಂಟೆ ವಿಭಾಗದ ಕೆಲಸ ಮಾಡಿಸುತ್ತಾರೆ, ಆದರೆ ಅದು ಸ್ಕಾಲರ್‌ಶಿಪ್ಪು. ಸೀಟಿನ ಜೊತೆಗೇ ಬರುತ್ತದೆ. ಹಿವಿ ಕೆಲಸ ಸೀಟಿನ ಜೊತೆ ಬರುವುದಿಲ್ಲ. ಹುಡುಕಬೇಕು, ಅರ್ಜಿ ಹಾಕಬೇಕು, ಪ್ರೊಫೆಸರರ ಬಾಗಿಲು ತಟ್ಟಬೇಕು. ಮೊದಲ ಸೆಮಿಸ್ಟರ್‌ನಲ್ಲಿ ಸಿಕ್ಕರೆ ಅದೃಷ್ಟ.

ಡ್ರೆಸ್ಡೆನ್‌ನಲ್ಲಿ ಮೂರನೇ ಸೆಮಿಸ್ಟರ್. ಒಂದು ಕಂಪನಿಯಲ್ಲಿ ವಾರಕ್ಕೆ ಎರಡು ದಿನ, 16 ಗಂಟೆ ವರ್ಕಿಂಗ್ ಸ್ಟೂಡೆಂಟ್. ಈಗ ಪ್ರೊಫೆಸರ್ ವಾರಕ್ಕೆ 10 ಗಂಟೆ ಹಿವಿ ಕೊಡುತ್ತೇನೆ ಎನ್ನುತ್ತಿದ್ದಾರೆ. ರೂಮ್‌ಮೇಟ್ ‘ಹಿವಿಗೆ ಲಿಮಿಟ್ಟೇ ಇಲ್ಲ, ಕಣ್ಣುಮುಚ್ಚಿ ಸೈನ್ ಹಾಕು’ ಎನ್ನುತ್ತಾನೆ. ಇನ್ನೊಬ್ಬ ‘20 ಗಂಟೆ ದಾಟಿದರೆ ವೀಸಾ ಹೋಯ್ತು’ ಎನ್ನುತ್ತಾನೆ. ಯಾರು ಸರಿ?
— ವಿದ್ಯಾರ್ಥಿ, ಡ್ರೆಸ್ಡೆನ್

ಇಬ್ಬರದೂ ಅರ್ಧ ಸರಿ. ಇಬ್ಬರ ಮಾತು ಕೇಳಿದರೂ ಪೂರ್ತಿ ತಪ್ಪು ಮಾಡುತ್ತೀರಿ. ನೀವು ದುಡಿಯುವ ಒಂದೇ ಗಂಟೆಯನ್ನು ಅಲ್ಲಿ ಮೂವರು ಬೇರೆ ಬೇರೆ ಕುಳಿತು ಎಣಿಸುತ್ತಾರೆ: ವಿದೇಶಿಯರ ಕಚೇರಿ, ಆರೋಗ್ಯ ವಿಮೆಯವರು, ವಿಶ್ವವಿದ್ಯಾಲಯದ ಸಿಬ್ಬಂದಿ ವಿಭಾಗ. ಒಬ್ಬರ ಪುಸ್ತಕ ಇನ್ನೊಬ್ಬರು ನೋಡುವುದಿಲ್ಲ.

ವಿದೇಶಿಯರ ಕಚೇರಿಯಿಂದ ಶುರು ಮಾಡೋಣ. ನಿಮ್ಮ ವಾಸದ ಕಾರ್ಡಿನ ಜೊತೆ ಮಡಿಚಿಟ್ಟ ಒಂದು ಹಾಳೆ ಕೊಟ್ಟಿದ್ದಾರಲ್ಲ, ಅದನ್ನು ಬಿಡಿಸಿ ನೋಡಿ. ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು ಎಂದು ಒಂದು ಮಾತು, ಅದರ ಬೆನ್ನಿಗೇ ವಿದ್ಯಾರ್ಥಿ ಸಹಾಯಕನ ಕೆಲಸಕ್ಕೂ ಅನುಮತಿ ಇದೆ ಎಂದು ಇನ್ನೊಂದು ಮಾತು. 2024ರ ಮಾರ್ಚ್‌ಗೆ ಮೊದಲು ಇದು 120 ಮತ್ತು 240 ಇತ್ತು. ನಿಮ್ಮ ಸೀನಿಯರ್‌ಗಳ ಬಾಯಲ್ಲಿ ಇನ್ನೂ ಹಳೆಯ ಸಂಖ್ಯೆಯೇ ಓಡಾಡುತ್ತಿರಬಹುದು. ಕಂಪನಿಯ ದಿನಗಳು ಈ 140ರಲ್ಲಿ ಕಳೆಯುತ್ತವೆ. ವಾರಕ್ಕೆ ಎರಡು ದಿನ ಎಂದರೆ ವರ್ಷವಿಡೀ ಹೋದರೂ 104. ಹಿವಿಯ ಗಂಟೆ ಈ ಲೆಕ್ಕಕ್ಕೇ ಬರುವುದಿಲ್ಲ. ಮೊದಲ ರೂಮ್‌ಮೇಟ್ ಇಷ್ಟನ್ನೇ ಕೇಳಿಸಿಕೊಂಡು ‘ಲಿಮಿಟ್ಟೇ ಇಲ್ಲ’ ಎಂದಿದ್ದಾನೆ.

ವಿಮೆಯವರಿಗೆ ಕಂಪನಿಯೂ ಒಂದೇ, ಹಿವಿಯೂ ಒಂದೇ. ಅವರು ನೋಡುವುದು ‘ಈ ಮನುಷ್ಯ ಓದಲು ಬಂದವನೋ, ದುಡಿಯಲು ಬಂದವನೋ’ ಎಂದು. ಪಾಠ ನಡೆಯುವ ತಿಂಗಳುಗಳಲ್ಲಿ ಎಲ್ಲ ಕೆಲಸ ಸೇರಿ ವಾರಕ್ಕೆ 20 ಗಂಟೆಯೊಳಗೆ ಇದ್ದರೆ ವಿದ್ಯಾರ್ಥಿ. ನಿಮ್ಮದು 16 ಮತ್ತು 10, ಒಟ್ಟು 26. ಹಾಗೆ ದಾಟಿದರೆ ವಿಮೆಯ ಕಣ್ಣಿಗೆ ನೀವು ನೌಕರ. ವಿದ್ಯಾರ್ಥಿಗೆ ಸಿಗುವ ಅಗ್ಗದ ಆರೋಗ್ಯ ವಿಮೆ ಹೋಗುತ್ತದೆ. ಆರೋಗ್ಯ, ಶುಶ್ರೂಷೆ, ನಿರುದ್ಯೋಗ, ಪಿಂಚಣಿ ಎಲ್ಲ ಸೇರಿ ಸಂಬಳದ ಸುಮಾರು ಐದನೇ ಒಂದು ಪಾಲು ಕಡಿತವಾಗುತ್ತದೆ. ಆರು ತಿಂಗಳ ಮೇಲೆ ಗೊತ್ತಾದರೆ ಹಿಂದಿನ ಬಾಕಿಯೂ ಸೇರಿ ಲೆಕ್ಕ ಬರುತ್ತದೆ. ಎರಡನೇ ಗೆಳೆಯ ಹೆದರಿದ್ದು ಸರಿ, ಹೆದರಬೇಕಾದ ಕಚೇರಿ ಮಾತ್ರ ಬೇರೆ.

ಒಂದು ಕಿಂಡಿ ಇದೆ. 20 ದಾಟಿದ ಗಂಟೆಗಳು ಸಂಜೆ, ರಾತ್ರಿ, ಶನಿವಾರ-ಭಾನುವಾರ ಅಥವಾ ಸೆಮಿಸ್ಟರ್ ರಜೆಯಲ್ಲಿ ಬಂದರೆ ವಿದ್ಯಾರ್ಥಿ ಪಟ್ಟ ಉಳಿಯುತ್ತದೆ. ಆದರೆ ವರ್ಷದಲ್ಲಿ ಹಾಗೆ ದಾಟಿದ ವಾರಗಳು 26 ಮೀರಬಾರದು. ವರ್ಷಪೂರ್ತಿ ನಡೆಯುವ ಎರಡು ಒಪ್ಪಂದಕ್ಕೆ ಈ ಕಿಂಡಿ ಸಾಲದು.

ಮೂರನೆಯವರು ಸಿಬ್ಬಂದಿ ವಿಭಾಗ. ಹಿವಿಗೆ ಕೊಡುವ ಗಂಟೆ ಪೂರ್ಣಾವಧಿ ನೌಕರನ ಅರ್ಧಕ್ಕಿಂತ ಕಡಿಮೆ ಇರಬೇಕೆಂಬುದು ಬಹಳ ಕಡೆಯ ನಿಯಮ. ನಿಮ್ಮ 10 ಗಂಟೆಗೆ ಅಲ್ಲಿ ತೊಂದರೆಯಿಲ್ಲ. ಆದರೆ ಅವರ ಫಾರಂನಲ್ಲಿ ‘ಬೇರೆ ಕೆಲಸ ಇದೆಯೇ’ ಎಂಬ ಪ್ರಶ್ನೆ ಇರುತ್ತದೆ. ಬಿಟ್ಟು ಸಹಿ ಹಾಕಬೇಡಿ. ಮುಚ್ಚಿಟ್ಟಿದ್ದು ಬಯಲಾದರೆ ಬಾಕಿ ಕಟ್ಟುವ ಹೊಣೆ ನಿಮ್ಮ ತಲೆಗೇ ಬರಬಹುದು.

ನಾನಾಗಿದ್ದರೆ ಕಂಪನಿಗೆ ಹೇಳಿ 16ನ್ನು 10ಕ್ಕೆ ಇಳಿಸಿಕೊಳ್ಳುತ್ತಿದ್ದೆ. ಕಂಪನಿ ನಾಲ್ಕು ಕಾಸು ಹೆಚ್ಚು ಕೊಡುತ್ತಿರಬಹುದು. ಆದರೆ ಮುಂದೆ ಪಿಎಚ್‌ಡಿ ಎಂಬ ಆಸೆ ನಿಮಗಿರಬಹುದು. ಅದಕ್ಕೆ ಶಿಫಾರಸು ಬರೆಯುವವರು ಆ ಪ್ರೊಫೆಸರ್, ಕಂಪನಿಯ ಮ್ಯಾನೇಜರ್ ಅಲ್ಲ.

ಪ್ರೊಫೆಸರ್ ತುಂಬಾ ಒಳ್ಳೆಯವರು. ‘ಒಪ್ಪಂದ ಬರುತ್ತದೆ ಬಿಡು, ಸೋಮವಾರದಿಂದ ಶುರು ಮಾಡು’ ಎಂದಿದ್ದಾರೆ. ಇಲ್ಲ ಎನ್ನಲು ಸಂಕೋಚ. ಹೋಗಲೆ?
— ವಿದ್ಯಾರ್ಥಿನಿ, ಬರ್ಲಿನ್

ಹೋಗಬೇಡಮ್ಮಾ. ಇದು ನಾನು ಕೈ ಸುಟ್ಟುಕೊಂಡು ಕಲಿತ ಪಾಠ.

ನನ್ನದು ಮಣ್ಣಿನ ಲ್ಯಾಬು. ಒಂದರ ಮೇಲೊಂದು ಜರಡಿ ಪೇರಿಸಿ, ಮೇಲಿನದು 2 ಮಿಲಿಮೀಟರ್, ತಳದ್ದು 63 ಮೈಕ್ರಾನ್, ಒಣಗಿದ ಮಣ್ಣು ಸುರಿದು ಅಲ್ಲಾಡಿಸಿ, ಪ್ರತಿ ಜರಡಿಯಲ್ಲಿ ಉಳಿದದ್ದನ್ನು ತೂಗಿ ಬರೆಯುವ ಕೆಲಸ. ನಮ್ಮ ಮೇಷ್ಟ್ರೂ ‘ಸೋಮವಾರದಿಂದಲೇ ಬಾ’ ಎಂದರು. ಮೂರು ವಾರ ಜರಡಿ ಹಿಡಿದೆ. ಆಮೇಲೆ ಬಂದ ಒಪ್ಪಂದದಲ್ಲಿ ಆರಂಭದ ದಿನಾಂಕ ಮುಂದಿನ ತಿಂಗಳ ಒಂದನೇ ತಾರೀಖು. ಅದುವರೆಗಿನ ಗಂಟೆಗಳನ್ನು ಬರೆದ ಹಾಳೆ ತೆಗೆದುಕೊಂಡು ಹೋದರೆ, ವಿಭಾಗದ ಸೆಕ್ರೆಟರಿ ಅದನ್ನು ಎರಡು ಬೆರಳಲ್ಲಿ ಹಿಡಿದು ನನಗೇ ವಾಪಸು ಕೊಟ್ಟರು. ‘ಇದನ್ನು ನಾನು ನೋಡಿಲ್ಲ’ ಎಂದರು. ಬೈದಿದ್ದಲ್ಲ, ಉಪಕಾರ ಮಾಡಿದ್ದು ಎಂದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು.

ಅವರ ಭಯಕ್ಕೆ ಕಾರಣ ಕಾನೂನಿನಲ್ಲಿದೆ. ಜರ್ಮನಿಯಲ್ಲಿ ಇಂತಿಷ್ಟು ತಿಂಗಳಿಗೆಂದು ಕೊಡುವ ಕೆಲಸದ ಅವಧಿ, ಕೆಲಸ ಶುರುವಾಗುವ ಮೊದಲೇ ಕಾಗದದ ಮೇಲೆ ಬಂದಿರಬೇಕು. ಬಾಯಿಮಾತಿನಲ್ಲಿ ಶುರುವಾದರೆ ಆ ಅವಧಿ ಬಿದ್ದುಹೋಗಿ, ಕೆಲಸ ಕಾಯಂ ಎಂದು ವಾದಿಸಲು ದಾರಿಯಾಗುತ್ತದೆ. ಆರು ತಿಂಗಳ ಹಿವಿ ಕಾಯಂ ನೌಕರನಾದರೆ ಸಿಬ್ಬಂದಿ ವಿಭಾಗಕ್ಕೆ ಜ್ವರ ಬರುತ್ತದೆ. ಆದ್ದರಿಂದ ಸಹಿ ಹಾಕುವ ಅಧಿಕಾರ ಅವರದು, ಪ್ರೊಫೆಸರರದಲ್ಲ. ‘ಸಿಬ್ಬಂದಿ ವಿಭಾಗದ ಪತ್ರ ಬಂದ ದಿನವೇ ಬರುತ್ತೇನೆ ಸರ್’ ಎಂದು ಒಂದು ಸಾಲಿನ ಮೇಲ್ ಹಾಕಿ. ಜರ್ಮನ್ನರು ನಿಯಮ ಹೇಳಿದವರ ಮೇಲೆ ಮುನಿಸಿಕೊಳ್ಳುವುದಿಲ್ಲ.

ನೀವು ಬರ್ಲಿನ್‌ನಲ್ಲಿರುವುದರಿಂದ ಇನ್ನೊಂದು ಮಾತು. ವಿದ್ಯಾರ್ಥಿ ಸಹಾಯಕರಿಗೆಂದೇ ಪ್ರತ್ಯೇಕ ವೇತನ ಒಪ್ಪಂದ ದಶಕಗಳಿಂದ ಇರುವುದು ಆ ಊರಿನಲ್ಲಿ. ಉಳಿದ ರಾಜ್ಯಗಳ ನೌಕರರ ಒಪ್ಪಂದದಲ್ಲಿ ಹಿವಿಗಳಿಗೆ ಜಾಗವಿಲ್ಲ. 2023ರ ಡಿಸೆಂಬರ್‌ನ ಮಾತುಕತೆಯಲ್ಲಿ ಹೆಚ್ಚಿನ ರಾಜ್ಯಗಳು ಕನಿಷ್ಠ ಗಂಟೆ ದರವನ್ನೂ, ಸಾಮಾನ್ಯವಾಗಿ ಒಂದು ವರ್ಷಕ್ಕಿಂತ ಕಡಿಮೆ ಅವಧಿಗೆ ಒಪ್ಪಂದ ಕೊಡಬಾರದೆಂಬುದನ್ನೂ ಒಪ್ಪಿಕೊಂಡವು. ನಿಮ್ಮ ಕಾಗದ ಬಂದಾಗ ಯಾವ ಒಪ್ಪಂದದ ಹೆಸರಿದೆ ಎಂದು ನೋಡಿ ಸಹಿ ಹಾಕಿ.

ಜರ್ಮನ್ ಬರುವುದಿಲ್ಲ. ಹಿವಿ ಸಿಗುತ್ತದೆಯೆ?
— ವಿದ್ಯಾರ್ಥಿ, ಮ್ಯಾಗ್ಡೆಬುರ್ಗ್

ಕಾನೂನು ಭಾಷೆ ಕೇಳುವುದಿಲ್ಲ, ಕೆಲಸ ಕೇಳುತ್ತದೆ. ಕೋಡ್ ಬರೆಯುವ, ಅಳತೆ ತೆಗೆಯುವ ಕಡೆ ಇಂಗ್ಲಿಷ್ ಸಾಕು. ಮೊದಲ ವರ್ಷದ ಜರ್ಮನ್ ಹುಡುಗರಿಗೆ ಟ್ಯುಟೋರಿಯಲ್ ತೆಗೆದುಕೊಳ್ಳಲು ಸಾಲದು. ಒಪ್ಪಂದ ಮಾತ್ರ ಸಾಮಾನ್ಯವಾಗಿ ಜರ್ಮನ್‌ನಲ್ಲೇ ಬರುತ್ತದೆ.

ಥೀಸಿಸ್ ಕೊಟ್ಟಾಯಿತು. ಅಂಕ ಬರಬೇಕು. ಹಿವಿ ಒಪ್ಪಂದ ಇನ್ನೂ ಐದು ತಿಂಗಳಿದೆ. ಪದವಿ ಬಂದರೂ ಅಲ್ಲಿಯವರೆಗೆ ಮುಂದುವರಿಸಬಹುದೆ? ಆಗದಿದ್ದರೆ ಅಂಕವನ್ನೇ ಸ್ವಲ್ಪ ತಡ ಮಾಡಿಸಬಹುದೆ?
— ವಿದ್ಯಾರ್ಥಿ, ಮ್ಯೂನಿಕ್

ಎರಡನೇ ಪ್ರಶ್ನೆ ಓದಿ ನಕ್ಕೆ. ಊರಲ್ಲಿ ಅಂಕ ಬೇಗ ಬರಲಿ ಎಂದು ಹರಕೆ ಹೊರುತ್ತೇವೆ.

ಒಪ್ಪಂದದಲ್ಲಿ ಐದು ತಿಂಗಳು ಎಂದಿದ್ದರೂ ಅದು ನಿಂತಿರುವುದು ನಿಮ್ಮ ನೋಂದಣಿಯ ಮೇಲೆ. ನೋಂದಣಿ ತೆಗೆದ ದಿನ ವಿದ್ಯಾರ್ಥಿ ಸಹಾಯಕನ ಕೆಲಸಕ್ಕೆ ಆಧಾರ ಹೋಯಿತು, ಬಹಳ ಒಪ್ಪಂದಗಳಲ್ಲಿ ಹಾಗೆಂದು ಬರೆದೇ ಇರುತ್ತಾರೆ. ವಿಮೆಯವರು ಅದಕ್ಕೂ ಮೊದಲೇ ಗೆರೆ ಎಳೆಯುತ್ತಾರೆ: ಒಟ್ಟು ಫಲಿತಾಂಶ ಬರವಣಿಗೆಯಲ್ಲಿ ನಿಮಗೆ ತಿಳಿದ ತಿಂಗಳ ಕೊನೆಗೆ ನಿಮ್ಮ ವಿದ್ಯಾರ್ಥಿ ರಿಯಾಯಿತಿ ಮುಗಿಯುತ್ತದೆ. ಸೆಮಿಸ್ಟರ್ ಮುಗಿಯುವವರೆಗೆ ನೋಂದಣಿ ಉಳಿಸಿಕೊಂಡು ಬಸ್ ಪಾಸಿನಲ್ಲಿ ಓಡಾಡುತ್ತಿದ್ದರೂ ಅವರಿಗೆ ಲೆಕ್ಕವಿಲ್ಲ. ಅಂಕದ ಪತ್ರ ತಿಂಗಳ 30ಕ್ಕೆ ಬರುವುದಕ್ಕೂ ಮರುದಿನ 1ಕ್ಕೆ ಬರುವುದಕ್ಕೂ ಒಂದು ತಿಂಗಳ ವ್ಯತ್ಯಾಸ. ಅದು ನಿಮ್ಮ ಕೈಯಲ್ಲಿಲ್ಲ, ಪರೀಕ್ಷಾ ವಿಭಾಗದ ಕೈಯಲ್ಲಿದೆ. ಅವರನ್ನು ಒತ್ತಾಯಿಸಲು ಹೋಗಬೇಡಿ.

ಮೇಷ್ಟ್ರಿಗೆ ನೀವು ನಿಜವಾಗಿ ಬೇಕಿದ್ದರೆ ದಾರಿ ಇದೆ. ಪದವಿ ಪಡೆದವರನ್ನು ಬೇರೆ ಹುದ್ದೆಯಲ್ಲಿ, ಬೇರೆ ದರದಲ್ಲಿ ತೆಗೆದುಕೊಳ್ಳಬಹುದು. ನಿಮ್ಮ ಕಡೆಯಿಂದ ವಾಸದ ಪರವಾನಗಿ ಬದಲಾಗಬೇಕು. ಪದವಿ ಮುಗಿಸಿದವರಿಗೆ ಕೆಲಸ ಹುಡುಕಲು 18 ತಿಂಗಳವರೆಗೆ ಪರವಾನಗಿ ಕೊಡುತ್ತಾರೆ, ಆ ಅವಧಿಯಲ್ಲಿ ಯಾವ ಕೆಲಸವನ್ನಾದರೂ ಮಾಡಬಹುದು. ಮ್ಯೂನಿಕ್‌ನಂಥ ಊರಿನಲ್ಲಿ ವಿದೇಶಿಯರ ಕಚೇರಿಯ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಅರ್ಜಿ ಇವತ್ತೇ ಹಾಕಿ, ಅಂಕಕ್ಕೆ ಕಾಯಬೇಡಿ.

ಒಂದು ಬಲೆ: ‘ಹಿವಿ ಆಗದಿದ್ದರೆ ಬಿಡು, ಬಿಲ್ ಕೊಡು, ಗೌರವಧನ ಕೊಡುತ್ತೇನೆ’ ಎಂದು ಯಾರಾದರೂ ಹೇಳಬಹುದು. ಅದು ಸ್ವಂತ ಉದ್ಯೋಗವಾಗುತ್ತದೆ. ವಿದ್ಯಾರ್ಥಿ ಪರವಾನಗಿಯಲ್ಲಿ ಅದಕ್ಕೆ ಬೇರೆಯೇ ಅನುಮತಿ ಬೇಕು.

ಹಿವಿ ಸೇರಿ ಎಂಟು ತಿಂಗಳಾಯಿತು, ತಿಂಗಳಿಗೆ 40 ಗಂಟೆ ಒಪ್ಪಂದ, ಹೆಚ್ಚಾಗಿ ಮಂಗಳವಾರ ಮತ್ತು ಗುರುವಾರ. ಗೌರಿ ಹಬ್ಬಕ್ಕೆ ಊರಿಗೆ ಬರಬೇಕು. ‘ಹಿವಿಗಳಿಗೆ ರಜೆ ಇಲ್ಲ, ಬಂದ ಮೇಲೆ ಗಂಟೆ ತುಂಬಿಕೊಡು’ ಎನ್ನುತ್ತಾರೆ ನನ್ನ ಮೇಲಿನ ಪಿಎಚ್‌ಡಿಯವರು. ಹೌದೆ?
— ವಿದ್ಯಾರ್ಥಿನಿ, ಗ್ಯೋಟಿಂಗೆನ್

ಅಲ್ಲ. ಆ ಪಿಎಚ್‌ಡಿಯವರಿಗೆ ಗೊತ್ತಿಲ್ಲ, ಅಷ್ಟೆ. ಅವರೂ ಹಿವಿಯಾಗಿದ್ದಾಗ ಯಾರೋ ಹೀಗೇ ಹೇಳಿರುತ್ತಾರೆ. ಹಿವಿಯೂ ನೌಕರನೇ. ವರ್ಷಕ್ಕೆ ನಾಲ್ಕು ವಾರ ಸಂಬಳ ಸಹಿತ ರಜೆ ಕಾನೂನಿನ ಕನಿಷ್ಠ. ವಾರಕ್ಕೆ ಎರಡು ದಿನ ಕೆಲಸದವರಿಗೆ ಅದು ಎಂಟು ದಿನ. ಆರು ತಿಂಗಳು ತುಂಬಿದ ಮೇಲೆ ಪೂರ್ತಿ ಹಕ್ಕು. ಜ್ವರ ಬಂದು ಮಲಗಿದರೂ, ಕೆಲಸಕ್ಕೆ ಸೇರಿ ನಾಲ್ಕು ವಾರ ಕಳೆದಿದ್ದರೆ, ಆರು ವಾರದವರೆಗೆ ಸಂಬಳ ಬರುತ್ತದೆ. ಆ ಗಂಟೆಗಳನ್ನು ಆಮೇಲೆ ತುಂಬಿಕೊಡಬೇಕಾಗಿಲ್ಲ.

ಗಂಟೆ ಬರೆಯುವ ಹಾಳೆಯಲ್ಲಿ ರಜೆಗೂ ಕಾಯಿಲೆಗೂ ಬೇರೆ ಕಾಲಂ ಇರುತ್ತದೆ, ಖಾಲಿ ಬಿಟ್ಟಿದ್ದೀರಿ ಅಷ್ಟೆ. ಹಬ್ಬಕ್ಕೆ ಎರಡು ವಾರ ಊರಲ್ಲಿದ್ದರೆ ಖರ್ಚಾಗುವುದು ನಾಲ್ಕು ದಿನ, ಎರಡು ಮಂಗಳವಾರ, ಎರಡು ಗುರುವಾರ. ದೀಪಾವಳಿಗೂ ನಾಲ್ಕು ಉಳಿಯುತ್ತದೆ.